ಚುಕ್ಕಾಣಿ ಸಿಲುಕಿದ ಯುದ್ಧನೌಕೆ: ‘ಹಿಯೇ’ ಕಳೆದುಹೋದ ಒಂದು ಹಗಲು, ಒಂದು ರಾತ್ರಿ

1942ರ ನವೆಂಬರ್ 13ರ ಬೆಳಗ್ಗೆ, ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳ ನಡುವೆ ಸಾವೊ ಎಂಬ ಪುಟ್ಟ ದ್ವೀಪದ ಉತ್ತರಕ್ಕೆ, 222 ಮೀಟರ್ ಉದ್ದದ ಜಪಾನಿ ಯುದ್ಧನೌಕೆಯೊಂದು ನಿಧಾನವಾಗಿ ಸುತ್ತು ಹಾಕುತ್ತಿತ್ತು. ಅದರ ಎಂಜಿನ್‌ಗಳು ಓಡುತ್ತಿದ್ದವು, ತಳ ಒಡೆದಿರಲಿಲ್ಲ. ಆದರೆ ಹಿಂಬದಿಯ ಒಂದು ಕೋಣೆಗೆ ನೀರು ನುಗ್ಗಿ ಚುಕ್ಕಾಣಿ ಸಿಲುಕಿಕೊಂಡಿತ್ತು. ಸುಮಾರು 36 ಸಾವಿರ ಟನ್ ತೂಕದ ಹಡಗು ಮನೆಯ ಕಡೆ ಮುಖ ಮಾಡಲಾರದೆ ಗಾಣದೆತ್ತಿನಂತೆ ಒಂದೇ ಕಡೆ ತಿರುಗುತ್ತಿತ್ತು. ಶತ್ರುವಿನ ವಿಮಾನ ನಿಲ್ದಾಣ ಕೆಲವೇ ನಿಮಿಷಗಳ ಹಾರಾಟದ ದೂರದಲ್ಲಿತ್ತು. ಆ ದಿನ ಮುಗಿಯುವ ಹೊತ್ತಿಗೆ ಹಡಗನ್ನು ಅದರ ಸಿಬ್ಬಂದಿಯೇ ಬಿಟ್ಟಿಳಿದಿದ್ದರು. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಕಳೆದುಕೊಂಡ ಮೊದಲ ಮಹಾ ಯುದ್ಧನೌಕೆ ಅದು.

ಜಪಾನಿನ ಯುದ್ಧನೌಕೆಗಳ ಮಾತು ಬಂದಾಗಲೆಲ್ಲ ಚರ್ಚೆ ಯಾಮಾಟೊ ನೌಕೆಯ ಕಡೆಗೇ ಹರಿಯುತ್ತದೆ. ಅದರ ಗಾತ್ರ, ಅದರ ಕೊನೆಯ ಯಾನ, ಅದರ ಸುತ್ತ ಕಟ್ಟಿಕೊಂಡ ದುಃಖ, ಎಲ್ಲವೂ ದೊಡ್ಡವು. ಆದರೆ ನಿರ್ಧಾರಗಳನ್ನು ಅಭ್ಯಾಸ ಮಾಡಬೇಕೆನ್ನುವವರಿಗೆ ಹಿಯೇ ನೌಕೆಯ ಪ್ರಕರಣ ಹೆಚ್ಚು ಕಲಿಸುತ್ತದೆ ಎಂದು ನಾನು ನಂಬಿದ್ದೇನೆ. 1945ರಲ್ಲಿ ಯಾಮಾಟೊ ಆ ಕೊನೆಯ ಯಾನಕ್ಕೆ ಹೊರಟಾಗ ಅದರ ಗತಿ ಬಹುಮಟ್ಟಿಗೆ ತೀರ್ಮಾನವಾಗಿತ್ತು. ಹಿಯೇ ಹೊರಟಾಗ ಹಾಗಿರಲಿಲ್ಲ. ಸುಮಾರು ಹದಿನೆಂಟು ಗಂಟೆಗಳಲ್ಲಿ ಅದಕ್ಕೆ ಬೇರೆ ದಾರಿಗಳು ತೆರೆದವು, ಮುಚ್ಚಿದವು.

ಇಲ್ಲಿ ನಾನು ಹಡಗುಗಳ ಹೆಸರನ್ನು ಬರೆಯುತ್ತೇನೆ, ಅಧಿಕಾರಿಗಳ ಹೆಸರನ್ನು ಬರೆಯುವುದಿಲ್ಲ. ಅವು ಇತಿಹಾಸದಲ್ಲಿ ದಾಖಲಾಗಿಯೇ ಇವೆ. ಆದರೆ ಹೆಸರು ಬಂದೊಡನೆ ಓದುವವರು ಆ ಮನುಷ್ಯ ಶೂರನೋ ಹೇಡಿಯೋ ಎಂಬ ವಿಚಾರಣೆಗೆ ಕೂರುತ್ತಾರೆ, ನಿರ್ಧಾರ ಮರೆಯಾಗುತ್ತದೆ. ಹಾಗಾಗಿ ದಾಳಿಯ ಹೊಣೆ ಹೊತ್ತವರನ್ನು ‘ದಳಪತಿ’ ಎಂದೂ, ಹಡಗಿನ ಹೊಣೆ ಹೊತ್ತವರನ್ನು ‘ಕ್ಯಾಪ್ಟನ್’ ಎಂದೂ, ದೂರದ ಟ್ರಕ್ ಎಂಬ ಪೆಸಿಫಿಕ್ ದ್ವೀಪಗಳ ನೌಕಾನೆಲೆಯಲ್ಲಿ ಕುಳಿತು ಇಬ್ಬರಿಗೂ ಆಜ್ಞೆ ಕೊಡುತ್ತಿದ್ದವರನ್ನು ‘ಮುಖ್ಯ ಕಮಾಂಡ್’ ಎಂದೂ ಕರೆಯುತ್ತೇನೆ.

ಹಿನ್ನೆಲೆ: ಎರಡು ಯುದ್ಧಗಳನ್ನು ಕಂಡ ಹಡಗು

ಹಿಯೇ ಎಂಬುದು ಕ್ಯೋಟೊ ನಗರದ ಬಳಿಯ ಒಂದು ಬೆಟ್ಟದ ಹೆಸರು. ಈ ವರ್ಗದ ನಾಲ್ಕು ಹಡಗುಗಳಲ್ಲಿ ಹಿರಿಯದಾದ ಕೊಂಗೊ ಇಂಗ್ಲೆಂಡಿನ ಬ್ಯಾರೊ ಪಟ್ಟಣದ ವಿಕರ್ಸ್ ಕಂಪನಿಯಲ್ಲಿ ತಯಾರಾಯಿತು. ಜಪಾನ್ ಹೊರದೇಶದಲ್ಲಿ ಕಟ್ಟಿಸಿದ ಕೊನೆಯ ದೊಡ್ಡ ಯುದ್ಧನೌಕೆ ಅದೇ. ಅದನ್ನು ನೋಡಿ ಕಲಿತು ಉಳಿದ ಮೂರನ್ನು, ಅಂದರೆ ಹಿಯೇ, ಹರುನಾ, ಕಿರಿಶಿಮಾ ನೌಕೆಗಳನ್ನು, ಜಪಾನೀಯರು ತಮ್ಮ ನೆಲದಲ್ಲಿಯೇ ಕಟ್ಟಿದರು. ಹಿಯೇ ಯೊಕೊಸುಕಾ ನೌಕಾಂಗಣದಲ್ಲಿ 1912ರ ನವೆಂಬರ್‌ನಲ್ಲಿ ನೀರಿಗಿಳಿದು, 1914ರ ಆಗಸ್ಟ್ 4ರಂದು ಸೇವೆಗೆ ಸೇರಿತು. ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿದ್ದೂ ಅದೇ ದಿನ. ಎರಡು ಮೂರು ವಾರಗಳಲ್ಲಿ ಜಪಾನ್ ಕೂಡ ಯುದ್ಧಕ್ಕೆ ಇಳಿಯಿತು. ಮೊದಲ ಮಹಾಯುದ್ಧದಲ್ಲಿ ಈ ಹಡಗಿನ ಪಾಲಿಗೆ ಬಂದದ್ದು ಚೀನಾ ಕರಾವಳಿಯಾಚೆಯ ಗಸ್ತು ಮಾತ್ರ. ಎಂಟು 14 ಅಂಗುಲದ ಫಿರಂಗಿಗಳಿಗೆ ದೊಡ್ಡ ಕೆಲಸ ಸಿಗಲಿಲ್ಲ.

ಈ ವರ್ಗದ ಸ್ವಭಾವವನ್ನು ಒಂದು ಮಾತಿನಲ್ಲಿ ಹೇಳಬೇಕಾದರೆ: ವೇಗ ಹೆಚ್ಚು, ಕವಚ ಕಡಿಮೆ. ನಡುಭಾಗದ ಪಕ್ಕದ ಕವಚ 8 ಅಂಗುಲ ದಪ್ಪ. ಹಡಗಿನ ಎರಡು ತುದಿಗಳತ್ತ ಹೋದಂತೆ ಅದು ತೀರ ತೆಳುವಾಗುತ್ತಿತ್ತು. ಕಟ್ಟಿದ ಕಾಲಕ್ಕೆ ಇದು ಒಪ್ಪಿಕೊಂಡ ಹೊಂದಾಣಿಕೆ. ಈ ತೆಳುವಾದ ಹಿಂದಿನ ತುದಿಯನ್ನು ಓದುಗರು ನೆನಪಿನಲ್ಲಿಡಬೇಕು.

ದೊಡ್ಡ ದೇಶಗಳ ಯುದ್ಧನೌಕೆಗಳಿಗೆ ಮಿತಿ ಹಾಕಿದ 1930ರ ಲಂಡನ್ ನೌಕಾ ಒಪ್ಪಂದದ ಪ್ರಕಾರ ಹಿಯೇ ತನ್ನ ಆಯುಧ ಕಳಚಬೇಕಾಯಿತು. ಹಿಂದಿನ ಒಂದು ಫಿರಂಗಿ ಗೋಪುರವನ್ನು ತೆಗೆದರು, ಪಕ್ಕದ ಕವಚವನ್ನು ಬಿಚ್ಚಿದರು, ಬಾಯ್ಲರ್‌ಗಳನ್ನು ಕಡಿಮೆ ಮಾಡಿದರು. ವೇಗ 18 ನಾಟ್‌ಗೆ (ಗಂಟೆಗೆ ಸುಮಾರು 33 ಕಿಲೋಮೀಟರ್) ಇಳಿಯಿತು. ಯುದ್ಧನೌಕೆ ತರಬೇತಿ ಹಡಗಾಯಿತು. ಆ ವರ್ಷಗಳಲ್ಲಿ ಅದಕ್ಕೆ ಬೇರೊಂದು ಗೌರವ ಬಂತು: 1933 ಮತ್ತು 1936ರ ನೌಕಾ ಪರಿಶೀಲನೆಗಳಲ್ಲಿ ಚಕ್ರವರ್ತಿ ನಿಂತದ್ದು ಇದೇ ಹಡಗಿನ ಮೇಲೆ. ಒಪ್ಪಂದದ ಕಟ್ಟು ಕಳಚಿದ ಮೇಲೆ, 1936ರ ಕೊನೆಯಿಂದ 1940ರ ಆರಂಭದವರೆಗೆ ಅದನ್ನು ಮತ್ತೆ ಯುದ್ಧನೌಕೆಯಾಗಿ ಕಟ್ಟಿದರು. ತೆಗೆದ ಗೋಪುರ ಮರಳಿ ಬಂತು, ವೇಗ ಸುಮಾರು 30 ನಾಟ್‌ಗೆ ಏರಿತು. ಮುಂದೆ ಯಾಮಾಟೊಗೆ ಕಟ್ಟಲಿದ್ದ ಎತ್ತರದ ನಿಯಂತ್ರಣ ಗೋಪುರದ ಮಾದರಿಯನ್ನು ಮೊದಲು ಪರೀಕ್ಷಿಸಿದ್ದು ಹಿಯೇ ಮೇಲೆಯೇ.

ಹೀಗೆ, 1942ರಲ್ಲಿ ಜಪಾನಿನ ಬಳಿ ಒಂದು ವಿಚಿತ್ರ ಸ್ಥಿತಿ ಇತ್ತು. 46 ಸೆಂಟಿಮೀಟರ್ ಫಿರಂಗಿಗಳ ಹೊಸ ಯಾಮಾಟೊ ಟ್ರಕ್ ನೆಲೆಯಲ್ಲಿ ಲಂಗರು ಹಾಕಿ ನಿಂತಿತ್ತು, ಒಂದಲ್ಲ ಒಂದು ದಿನ ಬರಲಿರುವ ನಿರ್ಣಾಯಕ ಮಹಾ ಕಾಳಗಕ್ಕೆಂದು ಅದನ್ನು ಕಾದಿರಿಸಿದ್ದರು. ಅಪಾಯದ ನೀರಿಗೆ ಹೋಗುತ್ತಿದ್ದವು ಮೂವತ್ತು ವರ್ಷ ಹಳೆಯ ಈ ನಾಲ್ಕು ಸೋದರಿ ಹಡಗುಗಳೇ, ಏಕೆಂದರೆ ವೇಗ ಇದ್ದದ್ದು ಅವಕ್ಕೆ. ರಾತ್ರಿ ಹೋಗಿ, ಹೊಡೆದು, ಬೆಳಗಾಗುವುದರೊಳಗೆ ವಿಮಾನಗಳ ಕೈಗೆ ಸಿಗದಷ್ಟು ದೂರ ಓಡಿಬರಬೇಕಾದ ಕೆಲಸಕ್ಕೆ ವೇಗವೇ ಪ್ರಾಣ.

ಸಮಸ್ಯೆ: ಒಂದು ವಿಮಾನ ನಿಲ್ದಾಣ

1942ರ ಆಗಸ್ಟ್ 7ರಂದು ಅಮೆರಿಕದ ಪಡೆ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಇಳಿದು, ಜಪಾನೀಯರು ಕಟ್ಟುತ್ತಿದ್ದ ವಿಮಾನ ನಿಲ್ದಾಣವನ್ನೇ ವಶಪಡಿಸಿಕೊಂಡಿತು. ಹೆಂಡರ್ಸನ್ ಫೀಲ್ಡ್ ಎಂದು ಹೆಸರಿಟ್ಟ ಆ ಮಣ್ಣಿನ ಮೈದಾನ ಇಡೀ ಹೋರಾಟದ ಕೀಲಿಯಾಯಿತು. ಹಗಲಿನಲ್ಲಿ ಅಲ್ಲಿಂದ ಏಳುವ ವಿಮಾನಗಳು ಜಪಾನಿನ ಯಾವ ಸೈನಿಕ ಸಾಗಣೆ ಹಡಗನ್ನೂ ದಡಕ್ಕೆ ಬಿಡುತ್ತಿರಲಿಲ್ಲ. ಜಪಾನಿನ ಸ್ವಂತ ದೊಡ್ಡ ವಿಮಾನ ನೆಲೆಯಾದ ರಬಾಲ್ ಸುಮಾರು ಸಾವಿರ ಕಿಲೋಮೀಟರ್ ದೂರ.

ಅಕ್ಟೋಬರ್ 13ರ ರಾತ್ರಿ ಕೊಂಗೊ ಮತ್ತು ಹರುನಾ ಬಂದು ಆ ಮೈದಾನದ ಮೇಲೆ ಒಂಬೈನೂರಕ್ಕೂ ಹೆಚ್ಚು ದೊಡ್ಡ ಗುಂಡುಗಳನ್ನು ಸುರಿದವು. ಅಲ್ಲಿದ್ದ ತೊಂಬತ್ತು ವಿಮಾನಗಳಲ್ಲಿ ಅರ್ಧಕ್ಕೂ ಹೆಚ್ಚು ನಾಶವಾದವು, ಇಂಧನದ ಬಹುಪಾಲು ಸುಟ್ಟುಹೋಯಿತು, 41 ಜನ ಸತ್ತರು. ಎರಡೂ ಹಡಗುಗಳು ಕ್ಷೇಮವಾಗಿ ಮರಳಿದವು.

ಇಷ್ಟು ದೊಡ್ಡ ಯಶಸ್ಸು ಸಿಕ್ಕ ಮೇಲೆ ಅದೇ ಯೋಜನೆಯನ್ನು ಮತ್ತೆ ಹಿಡಿಯುವುದು ಸಹಜ. ನವೆಂಬರ್‌ನಲ್ಲಿ 38ನೇ ಡಿವಿಷನ್ನಿನ ಸುಮಾರು 7,000 ಸೈನಿಕರನ್ನು 11 ಸಾಗಣೆ ಹಡಗುಗಳಲ್ಲಿ ದ್ವೀಪಕ್ಕೆ ತರಬೇಕಿತ್ತು. ಅವು ಬರುವ ಮುನ್ನ ಮೈದಾನವನ್ನು ಸುಟ್ಟು ಸುಮ್ಮನಾಗಿಸಬೇಕು. ಈ ಬಾರಿ ಸರದಿ ಹಿಯೇ ಮತ್ತು ಕಿರಿಶಿಮಾ ನೌಕೆಗಳದ್ದು. ಜೊತೆಗೆ ನಗಾರಾ ಎಂಬ ಹಗುರ ಕ್ರೂಸರ್ (ಮಹಾ ಯುದ್ಧನೌಕೆಗಿಂತ ಚಿಕ್ಕ ಹಡಗು) ಮತ್ತು ಅದಕ್ಕಿಂತಲೂ ಚಿಕ್ಕ ವಿಧ್ವಂಸಕ ನೌಕೆಗಳ ಕಾವಲು.

ನನ್ನ ದೃಷ್ಟಿಯಲ್ಲಿ ಪ್ರಕರಣದ ಮೊದಲ ತಿರುವು ಇದೇ, ಹಡಗುಗಳು ಲಂಗರು ಎತ್ತುವುದಕ್ಕೂ ಮೊದಲೇ ಬಂದದ್ದು. ಅಕ್ಟೋಬರ್‌ನಲ್ಲಿ ದಾರಿಗೆ ಅಡ್ಡ ನಿಲ್ಲಬಲ್ಲ ದೊಡ್ಡ ಅಮೆರಿಕನ್ ಹಡಗುಗಳು ಆ ನೀರಿನಲ್ಲಿ ಇರಲಿಲ್ಲ. ನವೆಂಬರ್‌ನಲ್ಲಿಯೂ ಇರುವುದಿಲ್ಲ ಎಂಬ ಎಣಿಕೆಯ ಮೇಲೆ ಹಡಗಿನ ಹೊಟ್ಟೆಯನ್ನು ತುಂಬಿದರು. ದೊಡ್ಡ ಫಿರಂಗಿಗಳಿಗೆ ಸಿದ್ಧ ಮಾಡಿಟ್ಟದ್ದು ಮೂರನೇ ಮಾದರಿಯ ಬೆಂಕಿ ಗುಂಡುಗಳು. ಅವು ಗಾಳಿಯಲ್ಲಿ ಸಿಡಿದು ಉರಿಯುವ ಚೂರುಗಳನ್ನು ಚೆಲ್ಲುತ್ತವೆ. ನಿಂತ ವಿಮಾನ, ಇಂಧನದ ಪೀಪಾಯಿ, ಡೇರೆಗಳ ಮೇಲೆ ಭಯಂಕರ. ಉಕ್ಕಿನ ಕವಚದ ಮುಂದೆ ದುರ್ಬಲ. ಕವಚ ಭೇದಿಸುವ ಗುಂಡುಗಳು ಕೆಳಗೆ ಮದ್ದಿನ ಮನೆಯಲ್ಲಿದ್ದವು.

ರಾತ್ರಿ: ಮಳೆ, ಗುಂಡು, ಬೆಳಕು

ನವೆಂಬರ್ 12ರ ರಾತ್ರಿ ದಳ ದಕ್ಷಿಣಕ್ಕೆ ಬರುತ್ತಿದ್ದಾಗ ದಟ್ಟ ಮಳೆ ಅದನ್ನು ಮುಚ್ಚಿಕೊಂಡಿತು. ಮೊದಲಿಗೆ ಅದು ವರವೆನಿಸಿತು, ಶತ್ರು ವಿಮಾನಗಳಿಗೆ ಏನೂ ಕಾಣುವುದಿಲ್ಲ. ಆದರೆ ಗುರಿ ಕಾಣದೆ ಮೈದಾನದ ಮೇಲೆ ಗುಂಡು ಹಾರಿಸುವುದೂ ಆಗದು. ದಳಪತಿ ಇಡೀ ದಳವನ್ನು ಹಿಂದಕ್ಕೆ ತಿರುಗಿಸಿ ಮಳೆಯಿಂದ ಹೊರತಂದು, ಮತ್ತೆ ಮುಂದಕ್ಕೆ ತಿರುಗಿಸಿದರು. ಕತ್ತಲೆಯಲ್ಲಿ, ಮಳೆಯಲ್ಲಿ, ಎರಡು ಪೂರ್ಣ ತಿರುವುಗಳು. ಮುಂದೆ ಇರಬೇಕಾಗಿದ್ದ ಕಾವಲು ಹಡಗುಗಳು ತಮ್ಮ ಜಾಗ ತಪ್ಪಿದವು. ದೊಡ್ಡ ಹಡಗುಗಳ ಮುಂದಿನ ನೀರು ಖಾಲಿಯಾಯಿತು. ದಳಪತಿಗೆ ಅದು ತಿಳಿಯಲಿಲ್ಲ.

ಎದುರಿನಿಂದ 13 ಅಮೆರಿಕನ್ ಹಡಗುಗಳು ಸಾಲಾಗಿ ಬರುತ್ತಿದ್ದವು: ಎರಡು ಭಾರಿ ಕ್ರೂಸರ್, ಮೂರು ಹಗುರ ಕ್ರೂಸರ್, ಎಂಟು ವಿಧ್ವಂಸಕ ನೌಕೆಗಳು. ಅವರಲ್ಲಿ ಹೆಲೆನಾ ಎಂಬ ಕ್ರೂಸರಿನ ಹೊಸ ರಾಡಾರ್ ರಾತ್ರಿ 1.24ಕ್ಕೇ ಜಪಾನೀಯರನ್ನು ಕಂಡಿತ್ತು. ಆದರೆ ಅವರ ಮುಖ್ಯಸ್ಥರು ಇದ್ದದ್ದು ಅಂಥ ರಾಡಾರ್ ಇಲ್ಲದ ಸ್ಯಾನ್ ಫ್ರಾನ್ಸಿಸ್ಕೊ ಹಡಗಿನಲ್ಲಿ. ಸುದ್ದಿ ರೇಡಿಯೊ ಮೂಲಕ ಬರಬೇಕು, ಅದೇ ರೇಡಿಯೊದಲ್ಲಿ ಆಜ್ಞೆಯೂ ಹೋಗಬೇಕು. ಗುಂಡು ಹಾರಿಸುವ ಆಜ್ಞೆ ಹೊರಡಲು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯಿತು. ಅಷ್ಟರಲ್ಲಿ ಎರಡೂ ದಳಗಳು ಒಂದರೊಳಗೊಂದು ಹೊಕ್ಕಿದ್ದವು. ಹಿಯೇ ಪ್ರಕರಣವನ್ನು ಜಪಾನೀಯರ ತಪ್ಪುಗಳ ಪಟ್ಟಿಯಂತೆ ಓದುವವರು ಇದನ್ನು ಮರೆಯಬಾರದು. ಎದುರಿನವರೂ ಆ ರಾತ್ರಿ ಕುರುಡರಂತೆಯೇ ನಡೆದಿದ್ದರು.

ಎರಡು ಗಂಟೆಗೆ ಇನ್ನೂ ಕಾಲು ಗಂಟೆಯಷ್ಟು ಇರುವಾಗ ಮುಂದೆ ಶತ್ರು ಹಡಗುಗಳಿವೆ ಎಂಬ ಕೂಗು ಹಿಯೇಗೆ ಬಂತು. ಬೆಂಕಿ ಗುಂಡು ತೆಗೆದು ಕವಚ ಭೇದಿಸುವ ಗುಂಡು ತುಂಬಲು ಆಜ್ಞೆ ಹೊರಟಿತು. ಕಾಗದದ ಮೇಲೆ ಸರಳ ಬದಲಾವಣೆ. ಆದರೆ ಗೋಪುರದ ಒಳಗೆ ನಿಂತವರ ಕಡೆಯಿಂದ ನೋಡಬೇಕು. ಒಂದೊಂದು ಗುಂಡೂ ಆರುನೂರು ಕಿಲೋಗಿಂತ ಹೆಚ್ಚು ಭಾರ. ಅದು ಮದ್ದಿನ ಮನೆಯಿಂದ ಯಂತ್ರದ ಲಿಫ್ಟಿನಲ್ಲಿ ಮೇಲೇರಬೇಕು. ಮೇಲಿರುವುದನ್ನು ತೆರವು ಮಾಡದೆ ಕೆಳಗಿನದಕ್ಕೆ ದಾರಿಯಿಲ್ಲ. ಆ ನಿಮಿಷಗಳಲ್ಲಿ ತೆರೆದಲ್ಲಿ ಬಿದ್ದಿದ್ದ ಒಂದು ಬೆಂಕಿ ಗುಂಡಿಗೆ ಕಿಡಿ ತಾಗಿದ್ದರೂ ಹಡಗು ಅಲ್ಲೇ ಹೋಗುತ್ತಿತ್ತು. ಕೆಲಸ ಪೂರ್ತಿಯಾಗುವ ಮೊದಲೇ ಕಾಳಗ ಆರಂಭವಾಯಿತು, ಮೊದಲ ಸುತ್ತುಗಳು ಬೆಂಕಿ ಗುಂಡುಗಳಾಗಿಯೇ ಹೋದವು. ಹತ್ತಿರದಿಂದ 14 ಅಂಗುಲದ ಪೆಟ್ಟು ತಿಂದೂ ಸ್ಯಾನ್ ಫ್ರಾನ್ಸಿಸ್ಕೊ ಮುಳುಗದೆ ಉಳಿದದ್ದರ ಹಿಂದೆ ಇದೂ ಒಂದು ಕಾರಣ.

ಆ ಗಳಿಗೆಯಲ್ಲಿಯೇ ಇನ್ನೊಂದು ಆಜ್ಞೆ: ಸರ್ಚ್‌ಲೈಟ್ ಹಾಕಿ.

ಜಪಾನಿನ ನೌಕಾಪಡೆಯ ರಾತ್ರಿ ಕಾಳಗದ ತರಬೇತಿಯಲ್ಲಿ ಸರ್ಚ್‌ಲೈಟಿಗೆ ಒಂದು ಸ್ಥಾನ ಇತ್ತು, ಆದ್ದರಿಂದ ಈ ಆಜ್ಞೆ ಹುಚ್ಚಾಟವಲ್ಲ. ರಾಡಾರ್ ಇಲ್ಲದ ಹಡಗಿಗೆ ಕತ್ತಲಲ್ಲಿ ಗುರಿ ಬೇಕಿತ್ತು. ಬೆಳಕು ಅಟ್ಲಾಂಟಾ ಎಂಬ ಕ್ರೂಸರ್ ಮೇಲೆ ಬಿದ್ದಿತು, ಅದು ಕೆಲವೇ ನಿಮಿಷಗಳಲ್ಲಿ ಹಾಳಾಯಿತು. ಆದರೆ ದೀಪ ಹಿಡಿದವರು ಎಲ್ಲರಿಗೂ ಕಾಣುತ್ತಾರೆ. ಅಲ್ಲಿಯವರೆಗೆ ಯಾರು ಎಲ್ಲಿದ್ದಾರೆಂದು ತಿಳಿಯದಿದ್ದ ಅಮೆರಿಕನ್ ಫಿರಂಗಿಗಳೆಲ್ಲ ಹಿಯೇ ಕಡೆಗೆ ತಿರುಗಿದವು. ಬೆಳಕು ಹಾಕಿದ ಇನ್ನೊಂದು ಹಡಗು ಅಕಾತ್ಸುಕಿ, ವಿಧ್ವಂಸಕ ನೌಕೆ. ಅದು ಆ ರಾತ್ರಿಯೇ ಮುಳುಗಿತು.

ಮುಂದೆ ನಡೆದದ್ದನ್ನು ವಿವರವಾಗಿ ಹೇಳುವುದು ಕಷ್ಟ, ಅದು ಕತ್ತಲ ಕೋಣೆಯ ಹೊಡೆದಾಟ. ಒಂದು ಚಿತ್ರ ಮಾತ್ರ ಸಾಕು: ಲಾಫಿ ಎಂಬ ಅಮೆರಿಕನ್ ವಿಧ್ವಂಸಕ ನೌಕೆ ಹಿಯೇ ಮೂತಿಯ ಮುಂದೆ ಸುಮಾರು ಆರು ಮೀಟರ್ ಅಂತರದಲ್ಲಿ ಹಾದುಹೋಯಿತು. ಅಷ್ಟು ಹತ್ತಿರದ ಪುಟ್ಟ ಹಡಗಿಗೆ ತಾಗುವಷ್ಟು ಕೆಳಕ್ಕೆ ದೊಡ್ಡ ಫಿರಂಗಿಗಳು ಬಾಗುವುದಿಲ್ಲ. ಲಾಫಿಯ ಮೆಷಿನ್‌ಗನ್‌ಗಳು ಹಿಯೇ ನಿಯಂತ್ರಣ ಗೋಪುರವನ್ನು ಜಾಲಾಡಿದವು. ದಳಪತಿಯ ಮುಖಕ್ಕೆ ಗಾಯವಾಯಿತು, ಅವರ ಪ್ರಧಾನ ಸಹಾಯಕ ಅಧಿಕಾರಿ ಸತ್ತರು. ಸ್ವಲ್ಪ ಹೊತ್ತಿನಲ್ಲೇ ಲಾಫಿ ಮುಳುಗಿತು.

ಹಿಯೇ ಹಣೆಬರಹ ಬರೆದ ಗುಂಡು ಸಣ್ಣದು. ಸುಮಾರು 2,300 ಮೀಟರ್ ದೂರದಿಂದ ಸ್ಯಾನ್ ಫ್ರಾನ್ಸಿಸ್ಕೊ ಹಾರಿಸಿದ 8 ಅಂಗುಲದ ಗುಂಡೊಂದು ಹಿಂಬದಿಯ ತೆಳುವಾದ ಪಕ್ಕವನ್ನು ಸೀಳಿ ಚುಕ್ಕಾಣಿಯ ಯಂತ್ರವಿದ್ದ ಭಾಗಕ್ಕೆ ಹೊಕ್ಕಿತು. ನೀರು ನುಗ್ಗಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಇಲ್ಲಿ ಅಕ್ಷರಶಃ ಸರಿ: ಮೂರು ವರ್ಷ ಹಿಡಿದು ಮರುಕಟ್ಟಿದ ಹಡಗು ಒಂದು ಕೋಣೆಯ ನೀರಿಗೆ ಸೋತಿತು. ಇದಕ್ಕೆ ಒಂದೂವರೆ ವರ್ಷ ಮೊದಲು, 1941ರ ಮೇ ತಿಂಗಳಲ್ಲಿ, ಜರ್ಮನಿಯ ಬಿಸ್ಮಾರ್ಕ್ ನೌಕೆ ಅಟ್ಲಾಂಟಿಕ್ ಸಾಗರದಲ್ಲಿ ಇದೇ ರೀತಿ ಚುಕ್ಕಾಣಿ ಸಿಲುಕಿ ಸಿಕ್ಕಿಬಿದ್ದಿತ್ತು.

ಎರಡನೆಯ ತಿರುವು: ಕೈಗೆ ಬಂದ ತುತ್ತು

ರಾತ್ರಿ ಎರಡು ಗಂಟೆ ದಾಟುವ ಹೊತ್ತಿಗೆ ಅಮೆರಿಕನ್ ದಳ ಚೂರುಚೂರಾಗಿತ್ತು. ಅವರ ಇಬ್ಬರು ಅಡ್ಮಿರಲ್‌ಗಳು ಸತ್ತಿದ್ದರು. ಆ ಕಾಳಗ ಮತ್ತು ಅದರ ಮರುದಿನ ಸೇರಿ ಎರಡು ಕ್ರೂಸರ್, ನಾಲ್ಕು ವಿಧ್ವಂಸಕ ನೌಕೆಗಳು ಅವರ ಪಾಲಿಗೆ ಇಲ್ಲವಾದವು. ಕಿರಿಶಿಮಾ ಹೆಚ್ಚು ಗಾಯವಿಲ್ಲದೆ ನಿಂತಿತ್ತು. ಮೈದಾನದ ದಾರಿ ತೆರೆದಿತ್ತು.

ದಳಪತಿ ಹಿಂದಿರುಗಲು ಆಜ್ಞೆ ಮಾಡಿದರು.

ಇದಕ್ಕಾಗಿ ಅವರನ್ನು ಆಗಲೂ ಈಗಲೂ ಕಟುವಾಗಿ ಟೀಕಿಸಿದ್ದಾರೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನಮಗೆ ಇಂದು ನಕ್ಷೆ ನೋಡಿ ಹೇಳುವುದು ಸುಲಭ. ಅವರ ಸ್ಥಾನದಲ್ಲಿ ನಿಂತರೆ ಕಾಣುವುದು ಬೇರೆ. ಮುಖದ ಮೇಲೆ ರಕ್ತ, ಪಕ್ಕದ ಅಧಿಕಾರಿ ಹೆಣವಾಗಿ ಬಿದ್ದಿದ್ದಾರೆ, ಸಂಪರ್ಕ ತಪ್ಪಿದೆ, ತಮ್ಮ ಹಡಗುಗಳು ಎಲ್ಲೆಲ್ಲೋ ಚೆದುರಿವೆ. ಶತ್ರು ಸೋತಿದ್ದಾನೆ ಎಂಬುದು ಅವರಿಗೆ ಕಾಣುತ್ತಿರಲಿಲ್ಲ. ಎಲ್ಲ ಕಡೆಯಿಂದ ಬೆಂಕಿ ಬರುತ್ತಿದೆ ಎಂಬುದಷ್ಟೇ ಕಾಣುತ್ತಿತ್ತು. ಹಾಗಿದ್ದರೂ ಒಂದು ಮಾತು ಹೇಳಲೇಬೇಕು. ಅವರು ಮೈದಾನವನ್ನು ಸುಡದೆ ಬಿಟ್ಟ ಆ ಕ್ಷಣದಲ್ಲಿಯೇ ಹಿಯೇ ನೌಕೆಯ ಬೆಳಗೂ ತೀರ್ಮಾನವಾಯಿತು. ಓಡಲಾರದ ಹಡಗನ್ನು ಉಳಿಸುವ ದಾರಿ ಒಂದೇ ಇತ್ತು: ಅದನ್ನು ಹೊಡೆಯಲು ಬರಲಿರುವ ವಿಮಾನಗಳನ್ನು ನೆಲದ ಮೇಲೆಯೇ ನಾಶ ಮಾಡುವುದು. ಮೂಲ ಕೆಲಸವೂ ಅದೇ ಆಗಿತ್ತು. ಹಿಯೇ ಉಳಿಸುವುದು ಬೇರೆ, ಕೆಲಸ ಪೂರೈಸುವುದು ಬೇರೆ ಎಂದು ಆ ರಾತ್ರಿ ತೋರಿರಬೇಕು. ವಾಸ್ತವದಲ್ಲಿ ಎರಡೂ ಒಂದೇ ಆಗಿದ್ದವು.

ಹಗಲು: ಏನೇನು ಮಾಡಿ ನೋಡಿದರು

ಬೆಳಕು ಹರಿದ ಮೇಲಿನ ಕತೆಯನ್ನು ನಾನು ಹಲವು ಬಾರಿ ಓದಿದ್ದೇನೆ. ಪ್ರತಿ ಸಲವೂ ಮನಸ್ಸು ಆ ಚುಕ್ಕಾಣಿಯ ಕೋಣೆಯಲ್ಲೇ ನಿಲ್ಲುತ್ತದೆ. ನೀರು ಹೊರಹಾಕಬೇಕು, ಬಿರುಕು ಮುಚ್ಚಬೇಕು, ಚುಕ್ಕಾಣಿಯನ್ನು ನಡುವಿಗೆ ತರಬೇಕು. ಅಷ್ಟಾದರೆ ಹಡಗು ಉತ್ತರಕ್ಕೆ ಹೋಗಬಲ್ಲದು. ಆದರೆ ವಿಮಾನ ಬಂದಾಗಲೆಲ್ಲ ಹಡಗು ಚಲಿಸಬೇಕು, ಬಾಂಬು ತಪ್ಪಿಸಿಕೊಳ್ಳಬೇಕು. ಚಲಿಸಿದಾಗಲೆಲ್ಲ ಹಿಂಬದಿಗೆ ನೀರು ಮತ್ತೆ ನುಗ್ಗುತ್ತದೆ. ನಿಂತರೆ ಬಾಂಬು, ಓಡಿದರೆ ನೀರು. ಅತ್ತ ದರಿ, ಇತ್ತ ಪುಲಿ. ಚುಕ್ಕಾಣಿ ಇಲ್ಲದಾಗ ಪ್ರೊಪೆಲ್ಲರ್‌ಗಳ ವೇಗವನ್ನು ಹೆಚ್ಚು ಕಡಿಮೆ ಮಾಡಿ ಹಡಗನ್ನು ನಡೆಸುವ ಉಪಾಯ ನಾವಿಕರೆಲ್ಲರಿಗೂ ಗೊತ್ತು. ಚುಕ್ಕಾಣಿ ಒಂದು ಕಡೆ ವಾಲಿಯೇ ಸಿಲುಕಿದಾಗ ಆ ಉಪಾಯಕ್ಕೂ ಬಲ ಸಾಲದು.

ಕಿರಿಶಿಮಾ ಬಂದು ಹಗ್ಗ ಕಟ್ಟಿ ಎಳೆದೊಯ್ಯಲಿ ಎಂಬ ಯೋಚನೆಯೂ ಇತ್ತು. ಹಗಲು ಹೊತ್ತಿನಲ್ಲಿ ಎರಡನೆಯ ಯುದ್ಧನೌಕೆಯನ್ನು ಅದೇ ವಿಮಾನಗಳ ಕೆಳಗೆ ತಂದು ನಿಲ್ಲಿಸುವುದು ಮತ್ತೊಂದು ಬಲಿ ಕೊಟ್ಟಂತೆ. ಅದು ಉತ್ತರಕ್ಕೆ ಹೋಯಿತು. ದಳಪತಿ ಬೆಳಗ್ಗೆ ಯುಕಿಕಾಜೆ ಎಂಬ ವಿಧ್ವಂಸಕ ನೌಕೆಗೆ ಬದಲಾದರು. ಇನ್ನು ಕೆಲವು ವಿಧ್ವಂಸಕ ನೌಕೆಗಳು ಹಿಯೇ ಸುತ್ತ ಕಾವಲು ನಿಂತವು.

ಹೆಂಡರ್ಸನ್ ಮೈದಾನದಿಂದ ವಿಮಾನಗಳು ಬಂದವು, ಮತ್ತೆ ಬಂದವು. ಎಸ್ಪಿರಿಟು ಸ್ಯಾಂಟೊ ದ್ವೀಪದಿಂದ ಬಿ-17 ಬಾಂಬರ್‌ಗಳು ಎತ್ತರದಲ್ಲಿ ಬಂದವು. ಎಂಟರ್‌ಪ್ರೈಸ್ ಎಂಬ ವಿಮಾನವಾಹಕ ನೌಕೆಯಿಂದ ಹೊರಟು ಮೈದಾನಕ್ಕೆ ಇಳಿಯಲು ಬರುತ್ತಿದ್ದ ಟಾರ್ಪೆಡೊ ವಿಮಾನಗಳು ದಾರಿಯಲ್ಲೇ ಹಿಯೇ ನೌಕೆಯನ್ನು ಕಂಡು ಹೊಡೆದು, ಇಳಿದು, ಮತ್ತೆ ಟಾರ್ಪೆಡೊ ತುಂಬಿಕೊಂಡು ಎದ್ದವು. ಯಾವ ಮೈದಾನವನ್ನು ಸುಡಲು ಹಿಯೇ ಸಾವಿರಾರು ಕಿಲೋಮೀಟರ್ ಬಂದಿತ್ತೋ ಅದೇ ಮೈದಾನ ಅದನ್ನು ಹಗಲಿಡೀ ಬಡಿಯಿತು. ಜಪಾನಿನ ರಕ್ಷಣಾ ವಿಮಾನಗಳಿಗೆ ದೂರ ಹೆಚ್ಚಾಯಿತು, ಹವಾಮಾನವೂ ಸಹಕರಿಸಲಿಲ್ಲ.

ಮೂರನೆಯ ತಿರುವು: ಯಾರ ಮಾತು ನಡೆಯಬೇಕು

ಬಿಡಬೇಕೋ ಉಳಿಸಬೇಕೋ ಎಂಬ ಪ್ರಶ್ನೆಗೆ ಆ ದಿನ ಮೂರು ಕಡೆಯಿಂದ ಮೂರು ಉತ್ತರ ಬಂದವು. ದಳಪತಿ ಪಕ್ಕದ ವಿಧ್ವಂಸಕ ನೌಕೆಯಿಂದ ನೋಡಿ, ಹಡಗು ಬಿಟ್ಟು ಅದನ್ನು ಮುಳುಗಿಸಬೇಕು ಎಂದರು. ಕ್ಯಾಪ್ಟನ್ ಒಪ್ಪಲಿಲ್ಲ. ಹಡಗು ಇನ್ನೂ ತೇಲುತ್ತಿದೆ, ಎಂಜಿನ್ ಇದೆ, ರಾತ್ರಿಯವರೆಗೆ ತಡೆದರೆ ಕತ್ತಲೆ ಕಾಪಾಡುತ್ತದೆ ಎಂಬುದು ಅವರ ನಂಬಿಕೆ. ಆಜ್ಞೆ ಮತ್ತೆ ಮತ್ತೆ ಬಂದರೂ ಅವರು ಎಳೆದಾಡಿದರು. ಮುಖ್ಯ ಕಮಾಂಡ್ ಇನ್ನೊಂದು ಲೆಕ್ಕ ಹಾಕಿತು: ಮುಳುಗಿಸಬೇಡಿ, ಹಿಯೇ ತೇಲುತ್ತಿದ್ದಷ್ಟು ಹೊತ್ತು ಶತ್ರು ವಿಮಾನಗಳ ಗಮನ ಅದರ ಮೇಲೆ ಇರುತ್ತದೆ, ಸಾಗಣೆ ಹಡಗುಗಳು ಅಷ್ಟರಮಟ್ಟಿಗೆ ಬಚಾವಾಗುತ್ತವೆ.

ಮೂರೂ ಅರ್ಥವಿಲ್ಲದ ಮಾತುಗಳಲ್ಲ. ದಳಪತಿಗೆ ಕಾವಲು ನಿಂತ ಐದಾರು ಹಡಗುಗಳ ಚಿಂತೆ, ಕ್ಯಾಪ್ಟನ್‌ಗೆ ತನ್ನ ಹಡಗಿನ ಚಿಂತೆ, ಮುಖ್ಯ ಕಮಾಂಡಿಗೆ ಮರುದಿನದ ಸೈನಿಕರ ಚಿಂತೆ. ಆದರೆ ಮೂರೂ ಒಂದೇ ಹೊತ್ತಿನಲ್ಲಿ ನಡೆಯಲು ಸಾಧ್ಯವಿರಲಿಲ್ಲ, ಮತ್ತು ಹಡಗಿನೊಳಗೆ ನೀರು ಯಾರ ಒಪ್ಪಿಗೆಗೂ ಕಾಯುತ್ತಿರಲಿಲ್ಲ. ಮಧ್ಯಾಹ್ನದ ಟಾರ್ಪೆಡೊಗಳು ತಾಗಿದ ಮೇಲೆ ಚುಕ್ಕಾಣಿಯ ದುರಸ್ತಿಗೆ ಉಳಿದಿದ್ದ ಆಸೆಯೂ ಹೋಯಿತು. ಸಂಜೆ ಸಿಬ್ಬಂದಿ ಇಳಿದರು, ವಿಧ್ವಂಸಕ ನೌಕೆಗಳು ಅವರನ್ನು ಹತ್ತಿಸಿಕೊಂಡವು. ಹಡಗು ಮುಳುಗಲೆಂದು ತಳದ ವಾಲ್ವ್‌ಗಳನ್ನು ತೆರೆದಿದ್ದರು. ಹಡಗಿನೊಡನೆ ಹೋಗಲು ಬಯಸಿದ್ದ ಕ್ಯಾಪ್ಟನ್ನರನ್ನೂ ಕರೆತಂದರು. ಮುಳುಗಿಸಬೇಡಿ ಎಂಬ ಆದೇಶಕ್ಕೆ ಆಗ ಮಾಡಲು ಏನೂ ಉಳಿದಿರಲಿಲ್ಲ. ಈ ಇಡೀ ಪ್ರಕರಣದಲ್ಲಿ ಹಡಗಿನ 188 ಜನ ಸತ್ತರು.

ಫಲಿತಾಂಶ

ಮರುದಿನ, ನವೆಂಬರ್ 14ರಂದು, ಸುಡದೆ ಉಳಿದ ಮೈದಾನದ ವಿಮಾನಗಳು ಸಾಗಣೆ ಹಡಗುಗಳ ಮೇಲೆ ಎರಗಿದವು. ಹನ್ನೊಂದರಲ್ಲಿ ಏಳು ಮುಳುಗಿದವು ಇಲ್ಲವೇ ಹಿಂದಿರುಗಿದವು. ಉಳಿದ ನಾಲ್ಕು ದಡಕ್ಕೆ ಓಡಿಸಲ್ಪಟ್ಟು ಅಲ್ಲೇ ನಾಶವಾದವು. ಆ ರಾತ್ರಿ ಮೈದಾನ ಸುಡಲು ಕಿರಿಶಿಮಾ ಮತ್ತೆ ಬಂತು. ಈ ಬಾರಿ ಕತ್ತಲಲ್ಲಿ ಕಾದಿದ್ದದ್ದು ವಾಷಿಂಗ್ಟನ್ ಎಂಬ 16 ಅಂಗುಲ ಫಿರಂಗಿಗಳ ಅಮೆರಿಕನ್ ಯುದ್ಧನೌಕೆ, ರಾಡಾರ್ ಸಮೇತ. ಕೆಲವೇ ನಿಮಿಷಗಳಲ್ಲಿ ಕಿರಿಶಿಮಾ ಉರಿಯುತ್ತ, ಚುಕ್ಕಾಣಿ ಸಿಲುಕಿ, ಸುತ್ತು ಹಾಕತೊಡಗಿತು. ಬೆಳಗಾಗುವ ಮುನ್ನ ಮಗುಚಿತು. ಎರಡು ದಿನಗಳಲ್ಲಿ ಇಬ್ಬರು ಸೋದರಿಯರು ಒಂದೇ ರೀತಿ ಹೋದರು. 1943ರ ಫೆಬ್ರುವರಿಯಲ್ಲಿ ಜಪಾನ್ ಗ್ವಾಡಲ್‌ಕೆನಾಲ್ ಬಿಟ್ಟುಕೊಟ್ಟಿತು.

ದಳಪತಿ ಮತ್ತು ಕ್ಯಾಪ್ಟನ್ ಇಬ್ಬರನ್ನೂ ಹುದ್ದೆಯಿಂದ ಇಳಿಸಿದರು. 1943ರ ಮಾರ್ಚ್‌ನಲ್ಲಿ ಇಬ್ಬರನ್ನೂ ಮೀಸಲು ಪಟ್ಟಿಗೆ ಸರಿಸಿದರು. ಇದು ನನಗೆ ನೋವು ತರುವ ಭಾಗ. ಅಕ್ಟೋಬರ್‌ನ ಯೋಜನೆಯನ್ನೇ ನವೆಂಬರ್‌ನಲ್ಲಿ ಮತ್ತೆ ಹಿಡಿದವರು, ಎರಡೂ ಹಡಗುಗಳಲ್ಲಿ ಒಂದೇ ಬಗೆಯ ಗುಂಡು ಸಿದ್ಧವಾಗಿರಲಿ ಎಂದವರು, ಹೊಸ ಯುದ್ಧನೌಕೆಯನ್ನು ಟ್ರಕ್‌ನಲ್ಲಿ ನಿಲ್ಲಿಸಿ ಹಳೆಯವನ್ನು ಕಳಿಸಿದವರು ವಿಚಾರಣೆಯ ಕಟಕಟೆಯಲ್ಲಿ ಇರಲಿಲ್ಲ. ಕೊನೆಯ ಕೊಂಡಿ ಹಿಡಿದಿದ್ದವರ ಮೇಲೆ ಇಡೀ ಸರಪಳಿಯ ಭಾರ ಬಿತ್ತು.

ಈ ಪ್ರಕರಣದಿಂದ ಏನು ತೆಗೆದುಕೊಳ್ಳಬಹುದು

ನಾನು ತೆಗೆದುಕೊಳ್ಳುವುದು ಮುಖ್ಯವಾಗಿ ಗುಂಡಿನ ವಿಷಯ. ಸರ್ಚ್‌ಲೈಟಿನ ಬಗ್ಗೆ, ಹಿಂದಿರುಗಿದ ಬಗ್ಗೆ ಬೇಕಾದಷ್ಟು ವಾದಿಸಬಹುದು. ಅವು ನಿಮಿಷಗಳಲ್ಲಿ, ಬೆಂಕಿಯ ನಡುವೆ ಆದ ನಿರ್ಧಾರಗಳು. ಗುಂಡು ತುಂಬಿದ್ದು ಶಾಂತವಾಗಿ, ಯೋಚಿಸಲು ಸಮಯವಿದ್ದಾಗ. ಎರಡು ದೊಡ್ಡ ಹಡಗುಗಳಲ್ಲಿ ಒಂದಾದರೂ ಹಡಗಿನ ಕಾಳಗಕ್ಕೆ ಸಿದ್ಧವಾಗಿ ಬಂದಿದ್ದರೆ ಮೈದಾನದ ಮೇಲೆ ಬೀಳುವ ಬೆಂಕಿ ಅರ್ಧವಾಗುತ್ತಿತ್ತು, ನಿಜ. ಆದರೆ ರಾತ್ರಿ 1.45ಕ್ಕೆ ದಳಪತಿಯ ಕೈಯಲ್ಲಿ ಒಂದು ಆಯ್ಕೆ ಇರುತ್ತಿತ್ತು. ಹಿಂದಿನ ಸಲ ಅಡ್ಡಿ ಬರಲಿಲ್ಲ ಎಂಬ ಅನುಭವ, ಈ ಸಲ ಅಡ್ಡಿ ಬಂದರೆ ಎಂಬ ಪ್ರಶ್ನೆಯನ್ನೇ ಕೇಳಲು ಬಿಡಲಿಲ್ಲ.

ಇನ್ನೊಂದು, ಹಡಗಿನ ತೆಳುವಾದ ತುದಿ. ಎರಡು ಮರುನಿರ್ಮಾಣಗಳಲ್ಲಿ ಬಾಯ್ಲರ್ ಬದಲಾಯಿತು, ಗೋಪುರ ಬದಲಾಯಿತು, ಎತ್ತರ ಬದಲಾಯಿತು. ಕಟ್ಟಿದ ಕಾಲದ ಮೂಲ ಹೊಂದಾಣಿಕೆ ಒಳಗೆ ಉಳಿದೇ ಇತ್ತು. ಮತ್ತೊಂದು, ಹಗಲಿನ ಮೂರು ಆಜ್ಞೆಗಳು. ಹಡಗನ್ನು ಯಾವ ಹೊತ್ತಿನವರೆಗೆ ಉಳಿಸಲು ಯತ್ನಿಸಬೇಕು, ಯಾರ ಮಾತು ಕೊನೆಯದು ಎಂಬುದನ್ನು ಬೆಳಗ್ಗೆ ಆರು ಗಂಟೆಗೇ ನಿಶ್ಚಯಿಸಿದ್ದರೆ ಹಡಗು ಉಳಿಯುತ್ತಿತ್ತು ಎಂದು ನಾನು ಹೇಳಲಾರೆ. ಸತ್ತವರಲ್ಲಿ ಕೆಲವರಾದರೂ ಉಳಿಯುತ್ತಿದ್ದರು ಎಂದು ನನಗೆ ಅನ್ನಿಸುತ್ತದೆ.

ಆ ಸಂಜೆ ಸಿಬ್ಬಂದಿಯನ್ನು ಹತ್ತಿಸಿಕೊಂಡ ವಿಧ್ವಂಸಕ ನೌಕೆಗಳು ಸ್ವಲ್ಪ ದೂರ ಸರಿದವು. ಕತ್ತಲಾದ ಮೇಲೆ ಮರಳಿ ಬಂದು ಹುಡುಕಿದಾಗ ಹಿಯೇ ಅಲ್ಲಿರಲಿಲ್ಲ. ಅದು ಮುಳುಗಿದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. 2019ರ ಆರಂಭದಲ್ಲಿ ಪೆಟ್ರೆಲ್ ಎಂಬ ಸಂಶೋಧನಾ ಹಡಗು ಸಾವೊ ದ್ವೀಪದ ವಾಯವ್ಯಕ್ಕೆ, ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಆಳದಲ್ಲಿ, ಅದರ ಅವಶೇಷವನ್ನು ಕಂಡಿತು. ಹಡಗು ತಲೆಕೆಳಗಾಗಿ ಬಿದ್ದಿದೆ. ಮುಂಭಾಗ ಮುರಿದು ಬೇರೆಯಾಗಿದೆ.